ಉಗ್ರಾಣದ ಲೆಡ್ಜರಿನಿಂದ ಸ್ಯಾಪ್‌ವರೆಗೆ

ನಮ್ಮ ಸಂಘದ ಕುಟುಂಬಗಳಲ್ಲಿ ಈಗ ವಿಚಾರಿಸಿ ನೋಡಿದರೆ, ಮಗನೋ ಸೊಸೆಯೋ 'ಸ್ಯಾಪ್‌ನಲ್ಲಿ' ಇದ್ದಾರೆಂಬ ಉತ್ತರ ಅನೇಕ ಮನೆಗಳಿಂದ ಬರುತ್ತದೆ. ಅದು ಕಂಪೆನಿಯ ಹೆಸರೋ, ಹುದ್ದೆಯ ಹೆಸರೋ ಎಂದು ಮತ್ತೆ ಕೇಳಿದರೆ ಹಿರಿಯರು ನಗುತ್ತಾರೆ. ಮಕ್ಕಳೇ ವಿವರಿಸಲು ಹೊರಟರೆ ಮಾಡ್ಯೂಲು, ಇಂಪ್ಲಿಮೆಂಟೇಷನ್ನು, ಗೋ-ಲೈವ್ ಮುಂತಾದ ಮಾತುಗಳು ಬಂದು, ಸಂಭಾಷಣೆ ಬೇಗನೆ ಕಾಫಿಯ ಕಡೆಗೆ ತಿರುಗುತ್ತದೆ. ಆದರೆ ಈ ವಿದ್ಯೆಯ ಹುಟ್ಟು ಅಷ್ಟೇನೂ ಗೂಢವಾದುದಲ್ಲ. ಕಾರ್ಖಾನೆಯ ಉಗ್ರಾಣದಲ್ಲಿ ಎಷ್ಟು ಸರಕು ಇದೆ, ಇನ್ನೆಷ್ಟು ಬೇಕು, ಯಾವಾಗ ತರಿಸಬೇಕು ಎಂಬ ಮೂರು ಪ್ರಶ್ನೆಗಳಿಂದ ಅದು ಹುಟ್ಟಿತು. ಹಿಂದಿನ ತಲೆಮಾರಿನಲ್ಲಿ ಊರು ಬಿಟ್ಟು ಬಂದ ನಮ್ಮವರಲ್ಲಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕುಳಿತು ಲೆಡ್ಜರು ಬರೆದವರು ಇಲ್ಲದಿಲ್ಲ. ಅವರು ಮಾಡುತ್ತಿದ್ದ ಕೆಲಸವನ್ನೇ ಮೊಮ್ಮಕ್ಕಳು ಬೇರೆ ರೂಪದಲ್ಲಿ ಮುಂದುವರಿಸುತ್ತಿದ್ದಾರೆ ಎಂದರೆ ಅತಿಶಯೋಕ್ತಿಯಾಗಲಾರದು. ಆ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳುವುದು ನಮ್ಮ ಉದ್ದೇಶ. ಕಥೆಯುದ್ದಕ್ಕೂ ಒಂದು ಸಂಗತಿ ಮತ್ತೆ ಮತ್ತೆ ತಲೆಯೆತ್ತುವುದನ್ನು ಓದುಗರು ಗಮನಿಸಬೇಕು: ಯಂತ್ರ ಎಷ್ಟೇ ಜಾಣವಾಗಿರಲಿ, ಪುಸ್ತಕದಲ್ಲಿ ಬರೆದದ್ದಕ್ಕೂ ಗೂಡಿನಲ್ಲಿ ಇರುವುದಕ್ಕೂ ತಾಳೆಯಾಗದಿದ್ದರೆ ಉಳಿದ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಗಣಕಯಂತ್ರಗಳಿಲ್ಲದ ಕಾಲದ ಸ್ಟೋರ್ಸನ್ನು ಮೊದಲು ನೆನೆಯೋಣ. ಪ್ರತಿಯೊಂದು ಗೂಡಿಗೂ ಒಂದು ಬಿನ್ ಕಾರ್ಡು. ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂಬ ಅಂಕಣಗಳು. ಅದೇ ಲೆಕ್ಕ ಆಫೀಸಿನ ಲೆಡ್ಜರಿನಲ್ಲಿ ಬೆಲೆಯ ಸಹಿತ ಇನ್ನೊಮ್ಮೆ. ಉಳಿಕೆಯು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಸ್ಟೋರ್‌ಕೀಪರರು ಇಂಡೆಂಟು ಬರೆಯುತ್ತಿದ್ದರು. ಖರೀದಿ ವಿಭಾಗ ಕೊಟೇಷನ್ ತರಿಸಿ ಆರ್ಡರು ಕಳಿಸುತ್ತಿತ್ತು. ಸರಕು ಬಂದ ಮೇಲೆ ತನಿಖೆ, ರಸೀದಿ, ಮತ್ತೆ ಬಿನ್ ಕಾರ್ಡು. ಅನುಭವಸ್ಥರಾದ ಸ್ಟೋರ್‌ಕೀಪರರಿಗೆ ಕಾರ್ಡು ನೋಡುವ ಅಗತ್ಯವೂ ಹೆಚ್ಚಾಗಿ ಬೀಳುತ್ತಿರಲಿಲ್ಲ. ಯಾವ ಫೋರ್‌ಮನ್ ಯಾವ ವಾರ ಏನು ಕೇಳಿಕೊಂಡು ಬರುತ್ತಾನೆ, ಯಾವ ಸರಬರಾಜುದಾರ ಹಬ್ಬದ ಸಮಯದಲ್ಲಿ ಕೈಕೊಡುತ್ತಾನೆ ಎಂಬುದೆಲ್ಲ ಅವರ ತಲೆಯಲ್ಲಿಯೇ ಇರುತ್ತಿತ್ತು.

ಒಮ್ಮೆಗೆ ಎಷ್ಟು ತರಿಸಬೇಕೆಂಬ ಪ್ರಶ್ನೆಗೆ ಗಣಿತದ ಉತ್ತರ ಕೊಟ್ಟವನು ಅಮೆರಿಕದ ಫೋರ್ಡ್ ವಿಟ್ಮನ್ ಹ್ಯಾರಿಸ್. ಈತ ಕಾಲೇಜಿನ ಮೆಟ್ಟಿಲು ಹತ್ತದೆ ಸ್ವಂತ ಓದಿನಿಂದ ಎಂಜಿನಿಯರನಾದವನು. 1913ರಲ್ಲಿ ಒಂದು ಕೈಗಾರಿಕಾ ಮಾಸಪತ್ರಿಕೆಯಲ್ಲಿ ಆತ ಬರೆದ ಚಿಕ್ಕ ಲೇಖನವೇ ಇದಕ್ಕೆ ಆಧಾರ. ಮನೆವಾರ್ತೆ ನಡೆಸುವ ಗೃಹಿಣಿಯರಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತು. ವರ್ಷಕ್ಕಾಗುವಷ್ಟು ಅಕ್ಕಿಯನ್ನು ಒಮ್ಮೆಗೇ ಕೊಂಡರೆ ಹಣ ಕಟ್ಟಿಹೋಗುತ್ತದೆ, ಹುಳು ಹಿಡಿಯುತ್ತದೆ. ಸೇರು ಸೇರಾಗಿ ತಂದರೆ ಓಡಾಟದಲ್ಲಿಯೇ ದಿನ ಕಳೆಯುತ್ತದೆ. ಇವೆರಡು ಖರ್ಚುಗಳ ಮೊತ್ತ ಅತಿ ಕಡಿಮೆಯಾಗುವ ಬಿಂದುವನ್ನು ಹ್ಯಾರಿಸ್ ಒಂದು ವರ್ಗಮೂಲದ ಸೂತ್ರದಲ್ಲಿ ಹಿಡಿದಿಟ್ಟ. ಅದರ ಪ್ರಕಾರ ಬೇಡಿಕೆ ನಾಲ್ಕು ಪಟ್ಟಾದರೆ ಒಮ್ಮೆಗೆ ತರಿಸುವ ಪ್ರಮಾಣ ಎರಡು ಪಟ್ಟಾದರೆ ಸಾಕು. ವಿಚಿತ್ರವೆಂದರೆ ಆತನ ಲೇಖನವೇ ಮರೆತುಹೋಗಿ, 1934ರಲ್ಲಿ ಇದರ ಬಗ್ಗೆ ಬರೆದ ವಿಲ್ಸನ್ ಎಂಬಾತನ ಹೆಸರು ಸೂತ್ರಕ್ಕೆ ಅಂಟಿಕೊಂಡಿತು. ಮೂಲ ಲೇಖನವನ್ನು ವಿದ್ವಾಂಸರು ಮತ್ತೆ ಪತ್ತೆಹಚ್ಚಿದ್ದು 1980ರ ದಶಕದಲ್ಲಿ!

ಈ ಸೂತ್ರ ಅಂಗಡಿಯ ಉಪ್ಪು ಬೇಳೆಗೆ ಸರಿ. ದಿನಾ ಒಂದೇ ಸಮನೆ ಖರ್ಚಾಗುವ ವಸ್ತುವಿಗೆ ಅದು ಒಪ್ಪುತ್ತದೆ. ಟ್ರ್ಯಾಕ್ಟರು ತಯಾರಿಸುವ ಕಾರ್ಖಾನೆಯ ಪರಿಸ್ಥಿತಿ ಬೇರೆ. ಅಲ್ಲಿ ಒಂದು ಬಿಡಿಭಾಗವನ್ನು ಮೂರು ವಾರ ಯಾರೂ ಕೇಳುವುದಿಲ್ಲ. ನಾಲ್ಕನೆಯ ವಾರ ಇನ್ನೂರು ಬೇಕೆನ್ನುತ್ತಾರೆ. ಹಳೆಯ ಸರಾಸರಿಯನ್ನು ನಂಬಿದರೆ ಬೇಡದಾಗ ದಾಸ್ತಾನು, ಬೇಕಾದಾಗ ಬರಿ ಗೂಡು. ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. ಒಂದು ಯಂತ್ರ ಜೋಡಿಸಲು ಹತ್ತು ಭಾಗಗಳು ಬೇಕು, ಪ್ರತಿಯೊಂದು ಭಾಗವೂ ನೂರಕ್ಕೆ 90 ಸಲ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಕೇಳಲು ಹಿತವಾಗಿದೆ. ಆದರೆ ಹತ್ತೂ ಒಟ್ಟಿಗೆ ಸಿಗುವ ಸಂಭವ ನೂರಕ್ಕೆ ಸುಮಾರು 35 ಮಾತ್ರ. ಇಪ್ಪತ್ತು ಭಾಗಗಳಿದ್ದರೆ ನೂರಕ್ಕೆ 12. ಟ್ರ್ಯಾಕ್ಟರಿನಲ್ಲಿರುವ ಭಾಗಗಳಾದರೋ ಸಾವಿರಾರು. ಪ್ರತಿ ಗೂಡಿನ ಲೆಕ್ಕ ಚೆನ್ನಾಗಿದ್ದೂ ಕಾರ್ಖಾನೆ ಕೈಕಟ್ಟಿ ಕುಳಿತುಕೊಳ್ಳುವುದರ ಗುಟ್ಟು ಇದೇ.

ಇದಕ್ಕೆ ಪರಿಹಾರವನ್ನು ನಮ್ಮ ಮದುವೆ ಮನೆಯ ಅಡುಗೆಭಟ್ಟರು ಎಂದಿನಿಂದಲೂ ಬಲ್ಲರು. ಹೋದ ತಿಂಗಳು ಎಷ್ಟು ತೆಂಗಿನಕಾಯಿ ಖರ್ಚಾಯಿತು ಎಂದು ಭಟ್ಟರು ಕೇಳುವುದಿಲ್ಲ. ಅವರು ಕೇಳುವುದು ಒಂದೇ: ಎಲೆ ಎಷ್ಟು? ಐನೂರು ಎಲೆ ಎಂದರೆ ಸಾರಿಗೆ ಇಷ್ಟು ಬೇಳೆ, ಚಿರೋಟಿಗೆ ಇಷ್ಟು ರವೆ, ಅದಕ್ಕೆ ಇಷ್ಟು ತುಪ್ಪ ಎಂದು ಪಟ್ಟಿ ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಈಗಾಗಲೇ ಇರುವುದನ್ನು ಅದರಲ್ಲಿ ಕಳೆಯುತ್ತಾರೆ. ಆಮೇಲೆ ದಿನ ಲೆಕ್ಕ ಹಾಕುತ್ತಾರೆ: ಹಪ್ಪಳ ಸಂಡಿಗೆ ತಿಂಗಳ ಮುಂಚೆ, ದಿನಸಿ ವಾರದ ಮುಂಚೆ, ತರಕಾರಿ ಹಿಂದಿನ ಸಂಜೆ, ಹಾಲು ಅಂದಿನ ಬೆಳಗ್ಗೆ. ಊಟದ ಎಲೆಯಿಂದ ಹಿಂದಕ್ಕೆ ನಡೆಯುವ ಈ ಲೆಕ್ಕವನ್ನೇ ಕಾರ್ಖಾನೆಗೆ ಒಗ್ಗಿಸಿದರೆ 'ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್', ಅಂದರೆ ಎಂ.ಆರ್.ಪಿ. ಆಗುತ್ತದೆ. ಪೊಟ್ಟಣದ ಮೇಲೆ ಅಚ್ಚಾಗುವ ಗರಿಷ್ಠ ಬೆಲೆಯ ಎಂ.ಆರ್.ಪಿ. ಬೇರೆ, ಗೊಂದಲ ಬೇಡ.

ತತ್ತ್ವ ಇಷ್ಟು ಸುಲಭವಾಗಿದ್ದೂ ಕಾರ್ಖಾನೆಗಳು ಏಕೆ ಇದನ್ನು ಮೊದಲೇ ಮಾಡಲಿಲ್ಲ? ಭಟ್ಟರ ಪಟ್ಟಿಯಲ್ಲಿ ನಲವತ್ತು ಐವತ್ತು ಸಾಮಾನು. ಕಾರ್ಖಾನೆಯ ಪಟ್ಟಿಯಲ್ಲಿ ಹತ್ತಾರು ಸಾವಿರ. ಭಾಗದೊಳಗೆ ಭಾಗ, ಅದರೊಳಗೆ ಇನ್ನೊಂದು. ಕೈಯಿಂದ ಒಮ್ಮೆ ಬಿಡಿಸಿ ಮುಗಿಸುವಷ್ಟರಲ್ಲಿ ಉತ್ಪಾದನೆಯ ಯೋಜನೆಯೇ ಬದಲಾಗಿರುತ್ತಿತ್ತು. ರಂಧ್ರ ಹೊಡೆದ ಕಾರ್ಡುಗಳೂ ಕಾಂತಪಟ್ಟಿಗಳೂ ಬಂದ ಮೇಲೆ ಸ್ವಲ್ಪ ಅನುಕೂಲವಾಯಿತು. ಆದರೆ ಪಟ್ಟಿಯ ಕೊನೆಯಲ್ಲಿರುವ ಒಂದು ಭಾಗದ ಉಳಿಕೆ ತಿಳಿಯಲು ಮೊದಲಿನಿಂದ ಸುತ್ತುತ್ತಾ ಹೋಗಬೇಕಾಗಿತ್ತು. 1956ರಲ್ಲಿ ಐ.ಬಿ.ಎಂ. ಕಂಪೆನಿಯು 'ರಾಮ್ಯಾಕ್' ಎಂಬ ಯಂತ್ರವನ್ನು ಹೊರತಂದಿತು. ಅದರಲ್ಲಿ ಎರಡಡಿ ವ್ಯಾಸದ 50 ತಟ್ಟೆಗಳು ಒಂದೇ ಅಚ್ಚಿನ ಮೇಲೆ ತಿರುಗುತ್ತಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಇಂದು ಕೈಫೋನಿನಲ್ಲಿ ತೆಗೆದ ಒಂದೆರಡು ಫೋಟೋಗಳಿಗೆ ಅದು ಸಾಲದು. ಆದರೂ ಬೇಕಾದ ಭಾಗದ ಲೆಕ್ಕವನ್ನು ನೇರವಾಗಿ ತೆಗೆದು ತಿದ್ದುವ ಸೌಕರ್ಯ ಅದರಿಂದಲೇ ಆರಂಭವಾಯಿತು. ಲೆಡ್ಜರಿನ ಯಾವ ಪುಟವನ್ನಾದರೂ ಸರಕ್ಕನೆ ತೆರೆದಂತೆ.

ಈ ಸೌಕರ್ಯವನ್ನು ಹಿಡಿದು ಎಂ.ಆರ್.ಪಿ.ಯನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಮುಖ್ಯನಾದವನು ಜೋಸೆಫ್ ಓರ್ಲಿಕಿ. ಚೆಕೊಸ್ಲೊವಾಕಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ಈತ, ವಿಸ್ಕಾನ್ಸಿನ್ ರಾಜ್ಯದ ರಸೀನ್ ಪಟ್ಟಣದಲ್ಲಿದ್ದ ಜೆ.ಐ. ಕೇಸ್ ಎಂಬ ಟ್ರ್ಯಾಕ್ಟರ್ ಕಂಪೆನಿಯಲ್ಲಿ 1960ರ ದಶಕದ ಆರಂಭದಲ್ಲಿ ಈ ಪ್ರಯೋಗ ನಡೆಸಿದ. ಮುಂದೆ ಐ.ಬಿ.ಎಂ. ಸೇರಿದ. 1964ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪೆನಿಯೂ ಈ ಪದ್ಧತಿಯನ್ನು ಅಳವಡಿಸಿಕೊಂಡಿತು. ಓರ್ಲಿಕಿಯ ಪುಸ್ತಕ 1975ರಲ್ಲಿ ಪ್ರಕಟವಾಗುವ ಹೊತ್ತಿಗೆ ಸುಮಾರು 700 ಕಂಪೆನಿಗಳಲ್ಲಿ ಇದು ಬಳಕೆಗೆ ಬಂದಿತ್ತು.

ಆದರೆ ಬಳಕೆಗೆ ತಂದವರೆಲ್ಲರಿಗೂ ಫಲ ಸಿಗಲಿಲ್ಲ. ಓರ್ಲಿಕಿಯ ಜೊತೆಗಾರನಾದ ಆಲಿವರ್ ವೈಟ್ ಇದರ ಕಾರಣವನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಗಣಿತದ ದೋಷವಲ್ಲ, ಬಾಗಿಲಿಲ್ಲದ ಸ್ಟೋರ್ಸು. ಅಮೆರಿಕದ ಎಷ್ಟೋ ಕಾರ್ಖಾನೆಗಳಲ್ಲಿ ಉಗ್ರಾಣ ತೆರೆದ ಅಂಗಳದಂತಿತ್ತು. ಫೋರ್‌ಮನ್ ಬಂದು ತನಗೆ ಬೇಕಾದ್ದನ್ನು ಕೈಯಾರೆ ತೆಗೆದುಕೊಂಡು ಹೋಗುತ್ತಿದ್ದ. ಚೀಟಿ ಬರೆಯುವುದು ಮರೆಯುತ್ತಿತ್ತು. ಯಂತ್ರದ ಲೆಕ್ಕದಲ್ಲಿ 40 ಇದ್ದರೆ ಗೂಡಿನಲ್ಲಿ 25. ಯಂತ್ರ ಆ 40ನ್ನು ನಂಬಿ ಆರ್ಡರು ಕೊಡುವುದಿಲ್ಲ, ಜೋಡಣೆ ನಿಲ್ಲುತ್ತದೆ. ಕಂಪೆನಿಗಳನ್ನು ಎ, ಬಿ, ಸಿ, ಡಿ ಎಂದು ವರ್ಗೀಕರಿಸಲು ವೈಟ್ ಒಂದು ಪ್ರಶ್ನಾವಳಿಯನ್ನು ರಚಿಸಿದ. ಅದರಲ್ಲಿ ದಾಸ್ತಾನಿನ ಲೆಕ್ಕ ನೂರಕ್ಕೆ 95ರಷ್ಟಾದರೂ ನಿಖರವಾಗಿರಬೇಕೆಂಬುದು ಒಂದು ಮುಖ್ಯ ಷರತ್ತು. ಹೀಗಾಗಿ ಲಕ್ಷಾಂತರ ಡಾಲರಿನ ಯಂತ್ರ ತರಿಸಿದ ಕಂಪೆನಿಗಳು ಮೊದಲು ಸ್ಟೋರ್ಸಿಗೆ ಬೇಲಿ ಹಾಕಿ ಬೀಗ ತರಿಸಬೇಕಾಯಿತು. ವರ್ಷಕ್ಕೊಮ್ಮೆ ಕಾರ್ಖಾನೆ ಮುಚ್ಚಿ ಎಲ್ಲವನ್ನೂ ಎಣಿಸುವ ಬದಲು ದಿನಕ್ಕೆ ಕೆಲವು ಗೂಡುಗಳನ್ನು ಎಣಿಸಿ, ತಪ್ಪು ಕಂಡಲ್ಲಿ ಅದರ ಮೂಲವನ್ನೇ ಹಿಡಿಯುವ ರೂಢಿಯೂ ಬೆಳೆಯಿತು. ನಮ್ಮ ಸರ್ಕಾರಿ ಕಚೇರಿಗಳಲ್ಲಿಯೂ ವರ್ಷಕ್ಕೊಮ್ಮೆ ಸಾಮಾನುಗಳ ಪ್ರತ್ಯಕ್ಷ ಪರಿಶೀಲನೆ ಆಗಬೇಕೆಂಬ ನಿಯಮವಿದೆ. ಪರಿಶೀಲನೆಯ ದಿನ ಕುರ್ಚಿಗಳು ರಿಜಿಸ್ಟರಿಗೆ ಎಷ್ಟು ವಿಧೇಯವಾಗಿ ಹೊಂದಿಕೊಳ್ಳುತ್ತವೆ ಎಂಬುದನ್ನು ನಮ್ಮಂಥ ಗುಮಾಸ್ತರು ಬಲ್ಲರು.

ಇಷ್ಟು ಹೊತ್ತಿಗೆ ಕಥೆ ಜರ್ಮನಿಗೆ ದಾಟುತ್ತದೆ. 1972ರ ಏಪ್ರಿಲ್ ಒಂದರಂದು ಐ.ಬಿ.ಎಂ.ನ ಜರ್ಮನ್ ಶಾಖೆಯನ್ನು ಬಿಟ್ಟ ಐವರು ವೈನ್‌ಹೈಮ್ ಎಂಬ ಪಟ್ಟಣದಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಡೀಟ್ಮಾರ್ ಹಾಪ್, ಹಾಸೋ ಪ್ಲಾಟ್ನರ್, ಕ್ಲಾಸ್ ಶೀರಾ, ಹಾನ್ಸ್-ವೆರ್ನರ್ ಹೆಕ್ಟರ್, ಕ್ಲಾಸ್ ವೆಲೆನ್‌ರಾಯ್ಟರ್ ಎಂಬವರು ಅವರು. ಸಂಸ್ಥೆಯ ಉದ್ದನೆಯ ಜರ್ಮನ್ ಹೆಸರಿನ ಮೊದಲಕ್ಷರಗಳೇ 'ಸ್ಯಾಪ್'. ಅವರ ಮೊದಲ ಗಿರಾಕಿ ಓಸ್ಟ್ರಿಂಗೆನ್‌ನಲ್ಲಿದ್ದ ಐ.ಸಿ.ಐ. ಕಂಪೆನಿಯ ನೈಲಾನ್ ನೂಲಿನ ಕಾರ್ಖಾನೆ. ತಮ್ಮದೆಂಬ ಗಣಕಯಂತ್ರ ಇರಲಿಲ್ಲವಾಗಿ ಈ ಐವರು ಗಿರಾಕಿಯ ಯಂತ್ರದ ಮುಂದೆಯೇ, ಎಷ್ಟೋ ಸಲ ರಾತ್ರಿ ಹೊತ್ತು, ಕುಳಿತು ಪ್ರೋಗ್ರಾಮು ಬರೆದರು. ಮೊದಲ ವರ್ಷದ ಕೊನೆಗೆ ಒಂಬತ್ತು ಜನ ನೌಕರರು, 6 ಲಕ್ಷ 20 ಸಾವಿರ ಮಾರ್ಕ್ ಆದಾಯ.

ಅವರ ಹೊಸತನವೇನು? ಎರಡು ಸಂಗತಿಗಳನ್ನು ಹೇಳಬಹುದು. ಅಲ್ಲಿಯವರೆಗೆ ಪ್ರತಿಯೊಂದು ಕಂಪೆನಿಯೂ ತನಗೆ ಬೇಕಾದ ಪ್ರೋಗ್ರಾಮನ್ನು ತಾನೇ ಬರೆಸಿಕೊಳ್ಳುತ್ತಿತ್ತು. ಒಮ್ಮೆ ಬರೆದದ್ದನ್ನು ಸ್ವಲ್ಪ ಸ್ವಲ್ಪ ಬದಲಿಸಿ ಅನೇಕರಿಗೆ ಮಾರಬಹುದು ಎಂಬುದು ಈ ಐವರು ಹಿಡಿದ ದಾರಿ. ಎರಡನೆಯದು ಇನ್ನೂ ಮುಖ್ಯ. ಕಾರ್ಖಾನೆಯ ಗೇಟಿಗೆ ಲಾರಿಯೊಂದು ಬಂದು ನೂರು ಚೀಲ ಇಳಿಸಿತೆನ್ನೋಣ. ಹಳೆಯ ಪದ್ಧತಿಯಲ್ಲಿ ಸ್ಟೋರ್ಸಿನವರು ತಮ್ಮ ಪುಸ್ತಕದಲ್ಲಿ ನೂರು ಚೀಲ ಬರೆದುಕೊಳ್ಳುತ್ತಾರೆ. ಖರೀದಿಯವರು ತಮ್ಮ ಫೈಲಿನಲ್ಲಿ ಆರ್ಡರನ್ನು ಮುಗಿಸುತ್ತಾರೆ. ಅಕೌಂಟ್ಸಿನವರು ಬಿಲ್ಲು ಬಂದಾಗ ಸಾಲಗಾರರ ಖಾತೆಗೆ ಏರಿಸುತ್ತಾರೆ. ಉತ್ಪಾದನೆಯವರಿಗೆ ಯಾರಾದರೂ ಹೇಳಿದರೆ ಗೊತ್ತಾಗುತ್ತದೆ. ಒಂದೇ ನೂರು ಚೀಲ ನಾಲ್ಕು ಪುಸ್ತಕಗಳಲ್ಲಿ ನಾಲ್ಕು ದಿನಾಂಕಗಳಂದು ಹುಟ್ಟುತ್ತದೆ. ತಿಂಗಳ ಕೊನೆಗೆ ಇವನ್ನು ತಾಳೆ ಹಾಕುವುದೇ ಹತ್ತಾರು ಗುಮಾಸ್ತರ ಜೀವನೋಪಾಯವಾಗಿತ್ತು. ಸ್ಯಾಪ್‌ನವರ ಸಮಗ್ರ ವ್ಯವಸ್ಥೆಯಲ್ಲಿ ಗೇಟಿನ ಬಳಿ ಒಮ್ಮೆ ಬರೆದರೆ ನಾಲ್ಕೂ ಕಡೆ ಆ ಕ್ಷಣವೇ ಏರುತ್ತದೆ. ಅವರ ಪ್ರೋಗ್ರಾಮುಗಳ ಹೆಸರಿನಲ್ಲಿರುವ 'ಆರ್' ಅಕ್ಷರ ಈ ತತ್‌ಕ್ಷಣತೆಯನ್ನೇ ಸೂಚಿಸುತ್ತದೆ. ಗುಮಾಸ್ತರ ಸಂಖ್ಯೆ ಇದರಿಂದ ಇಳಿಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಇನ್ನೊಂದು ಪರಿಣಾಮ ಅಷ್ಟು ಬೇಗ ಕಣ್ಣಿಗೆ ಬೀಳಲಿಲ್ಲ. ನಾಲ್ಕು ಪುಸ್ತಕಗಳಿದ್ದಾಗ ಒಂದರ ತಪ್ಪು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಿತ್ತು. ಒಂದೇ ಪುಸ್ತಕವಾದಾಗ ಗೇಟಿನ ತಪ್ಪು ನಾಲ್ಕೂ ಕಡೆ ಏಕಕಾಲಕ್ಕೆ ನಿಜವಾಗಿಬಿಡುತ್ತದೆ.

ಮುಂದಿನ ಇಪ್ಪತ್ತು ವರ್ಷಗಳ ಬೆಳವಣಿಗೆಯನ್ನು ಬೇಗ ದಾಟಬಹುದು. ದೊಡ್ಡ ಯಂತ್ರಗಳ ಮೇಲೆ ನಡೆಯುವ ಆರ್/2, ಅನಂತರ 1992ರಲ್ಲಿ ಚಿಕ್ಕ ಯಂತ್ರಗಳ ಜಾಲದ ಮೇಲೆ ನಡೆಯುವ ಆರ್/3 ಬಂದವು. ಕಾರ್ಖಾನೆ, ಹಣಕಾಸು, ನೌಕರರ ಸಂಬಳ ಎಲ್ಲವನ್ನೂ ಒಳಗೊಂಡ ಈ ವ್ಯವಸ್ಥೆಗಳಿಗೆ 1990ರಲ್ಲಿ ಗಾರ್ಟ್ನರ್ ಎಂಬ ಸಲಹಾ ಸಂಸ್ಥೆ 'ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್', ಅಂದರೆ ಇ.ಆರ್.ಪಿ. ಎಂದು ಹೆಸರಿಟ್ಟಿತು. ಇಸವಿಯನ್ನು ಎರಡೇ ಅಂಕೆಗಳಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಮುಗಳು 2000ನೆಯ ಇಸವಿಯಲ್ಲಿ ಕೆಡಬಹುದೆಂಬ ಭಯ ಬಂದಾಗ, ಹಳೆಯದನ್ನು ರಿಪೇರಿ ಮಾಡುವುದಕ್ಕಿಂತ ಹೊಸದನ್ನೇ ಕೊಳ್ಳೋಣ ಎಂದು ಕಂಪೆನಿಗಳು ಸಾಲುಗಟ್ಟಿದವು.

ಹಾಗೆ ಸಾಲಿನಲ್ಲಿ ನಿಂತವರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಚಾಕೊಲೇಟ್ ಕಂಪೆನಿಯೂ ಒಂದು. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಸುಮಾರು 11 ಕೋಟಿ 20 ಲಕ್ಷ ಡಾಲರ್ ವೆಚ್ಚದ ಯೋಜನೆ. ಇ.ಆರ್.ಪಿ.ಗೆ ಸ್ಯಾಪ್, ಸರಬರಾಜಿನ ಯೋಜನೆಗೆ ಮ್ಯಾನುಜಿಸ್ಟಿಕ್ಸ್, ಗಿರಾಕಿಗಳ ವ್ಯವಹಾರಕ್ಕೆ ಸೀಬೆಲ್ ಎಂದು ಮೂರು ಕಂಪೆನಿಗಳ ತಂತ್ರಾಂಶ. ನಾಲ್ಕು ವರ್ಷ ಬೇಕೆಂದು ಹೇಳಿದ್ದ ಕೆಲಸವನ್ನು 30 ತಿಂಗಳಿಗೆ ಇಳಿಸಿದರು. 1999ರ ಏಪ್ರಿಲ್‌ನಲ್ಲಿ ಆರಂಭವಾಗಬೇಕಾಗಿದ್ದುದು ಜುಲೈಗೆ ಜಾರಿತು. ಜುಲೈ ಎಂದರೆ ಹ್ಯಾಲೋವೀನ್ ಹಬ್ಬದ ಆರ್ಡರುಗಳು ಬಂದು ಬೀಳುವ ಸಮಯ. ಅಕ್ಟೋಬರ್ 31ರ ಈ ಹಬ್ಬದಲ್ಲಿ ಅಲ್ಲಿನ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಮಿಠಾಯಿ ವ್ಯಾಪಾರಕ್ಕೆ ಅದೇ ಸುಗ್ಗಿ. ಹೊಸ ಸೊಸೆಯ ಕೈಗೆ ಹಬ್ಬದ ದಿನವೇ ಪೂರ್ತಿ ಅಡುಗೆಮನೆಯನ್ನು ಒಪ್ಪಿಸಿದಂತಾಯಿತು. ಮೂರೂ ತಂತ್ರಾಂಶಗಳನ್ನು ಒಂದೇ ಸಲಕ್ಕೆ ಚಾಲೂ ಮಾಡಿದರು.

ಫಲವೇನಾಯಿತೆಂದರೆ, ಚಾಕೊಲೇಟು ಕಾರ್ಖಾನೆಯಲ್ಲಿ ಇತ್ತು, ಅಂಗಡಿಗೆ ಹೋಗಲಿಲ್ಲ! ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರುಗಳನ್ನು ಪೂರೈಸಲಾಗಲಿಲ್ಲ. ಆ ಮೂರು ತಿಂಗಳ ಲಾಭ ನೂರಕ್ಕೆ 19ರಷ್ಟು ಬಿತ್ತು. ಆಗಿನ ವರದಿಗಳು ಕೊಟ್ಟ ಕಾರಣಗಳಲ್ಲಿ ಒಂದು ನಮ್ಮ ಗಮನ ಸೆಳೆಯುತ್ತದೆ. ಹಬ್ಬಕ್ಕೆ ಮುಂಚೆ ದಾಸ್ತಾನು ಹೆಚ್ಚಾದಾಗ ಕಂಪೆನಿಯ ಜನ ಸಿಕ್ಕ ಸಿಕ್ಕ ಖಾಲಿ ಜಾಗಗಳಲ್ಲಿ ಪೆಟ್ಟಿಗೆಗಳನ್ನು ಇಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಆ ಜಾಗಗಳು ಉಗ್ರಾಣಗಳೆಂದು ಹೊಸ ವ್ಯವಸ್ಥೆಯ ಪಟ್ಟಿಯಲ್ಲಿ ಸೇರಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಜಾಗದಲ್ಲಿರುವ ಸರಕು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಅದು ಎಲ್ಲಿದೆಯೆಂದು ತಿಳಿದವರು ಕೆಳಗಿನ ಉಗ್ರಾಣದ ಜನ. ಪಟ್ಟಿ ಬರೆದವರು ಮೇಲಿನವರು. ಕೆಳಗಿನವರನ್ನು ಒಂದು ಮಾತು ಕೇಳಿದ್ದರೆ ಎಷ್ಟೋ ನಷ್ಟ ತಪ್ಪುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ. ಅದೇ ಹರ್ಷಿ 2002ರಲ್ಲಿ ತಂತ್ರಾಂಶದ ಮುಂದಿನ ಆವೃತ್ತಿಗೆ ಬದಲಾಯಿಸಿಕೊಂಡಾಗ, ಸಾಕಷ್ಟು ಪರೀಕ್ಷಿಸಿ, ಗೊತ್ತುಪಡಿಸಿದ ಅವಧಿಗಿಂತ ಮೊದಲೇ ಕೆಲಸ ಮುಗಿಸಿತು.

ಜರ್ಮನಿಯ ಲಿಡಲ್ ಎಂಬ ದಿನಸಿ ಅಂಗಡಿಗಳ ಸಂಸ್ಥೆಯದು ಇನ್ನೊಂದು ಬಗೆ. 2011ರಲ್ಲಿ ಆರಂಭಿಸಿದ ಸ್ಯಾಪ್ ಯೋಜನೆಯನ್ನು ಅದು ಸುಮಾರು 50 ಕೋಟಿ ಯೂರೋ ಖರ್ಚಾದ ಮೇಲೆ 2018ರಲ್ಲಿ ಕೈಬಿಟ್ಟಿತು. ದಾಸ್ತಾನಿನ ಮೌಲ್ಯವನ್ನು ಕೊಂಡ ಬೆಲೆಯಲ್ಲಿ ಕಟ್ಟುವುದು ಲಿಡಲ್‌ನ ಪದ್ಧತಿ. ಮಾರುವ ಬೆಲೆಯಲ್ಲಿ ಕಟ್ಟುವುದು ತಂತ್ರಾಂಶದ ಪದ್ಧತಿ. ಕಂಪೆನಿ ತನ್ನ ರೂಢಿಯನ್ನು ಬಿಡಲಿಲ್ಲ, ತಂತ್ರಾಂಶವನ್ನು ತಿದ್ದುತ್ತಾ ಹೋಗಿ ಅದು ಯಾರಿಗೂ ನಿಭಾಯಿಸಲಾಗದಂತಾಯಿತು ಎಂದು ಪತ್ರಿಕೆಗಳು ಬರೆದವು.

ಒಂದು ಕಾರ್ಖಾನೆಯ ನಾಲ್ಕು ಪುಸ್ತಕಗಳನ್ನು ಒಂದು ಮಾಡುವುದೇ ಇಷ್ಟು ಕಷ್ಟವಾದರೆ, ಕಾರ್ಖಾನೆಯಿಂದ ಸಗಟು ವ್ಯಾಪಾರಿ, ಅಲ್ಲಿಂದ ಅಂಗಡಿ, ಅಲ್ಲಿಂದ ಗಿರಾಕಿ ಹೀಗೆ ಸಾಗುವ ಸರಪಳಿಯನ್ನು ಒಂದು ಲೆಕ್ಕಕ್ಕೆ ತರುವುದು ಇನ್ನೂ ಕಷ್ಟ. 1958ರಲ್ಲಿಯೇ ಎಂ.ಐ.ಟಿ.ಯ ಪ್ರೊಫೆಸರ್ ಜೇ ಫಾರೆಸ್ಟರ್ ಇದರ ಸ್ವಭಾವವನ್ನು ಗುರುತಿಸಿದ್ದರು. ಮುಂದೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯವರು ತಮ್ಮ ಪ್ಯಾಂಪರ್ಸ್ ಡೈಪರಿನ ಆರ್ಡರುಗಳನ್ನು ಪರಿಶೀಲಿಸಿ ಬೆರಗಾದರು. ಕೂಸುಗಳು ಡೈಪರನ್ನು ಒಂದೇ ಸಮನೆ ಖರ್ಚು ಮಾಡುತ್ತವೆ. ಅಂಗಡಿಯ ಮಾರಾಟದಲ್ಲಿ ಏರಿಳಿತ ಸ್ವಲ್ಪ. ಸಗಟು ವ್ಯಾಪಾರಿಯ ಆರ್ಡರಿನಲ್ಲಿ ಹೆಚ್ಚು. ಕಂಪೆನಿ ತಾನೇ ಕಚ್ಚಾ ಸಾಮಗ್ರಿಗೆ ಕೊಡುವ ಆರ್ಡರಿನಲ್ಲಿ ಇನ್ನೂ ಹೆಚ್ಚು! ಚಾಟಿಯ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ತುದಿ ಹೊಡೆದಾಡುವಂತೆ. ಪ್ರತಿಯೊಬ್ಬನೂ ಪಕ್ಕದವನ ಆರ್ಡರನ್ನು ಮಾತ್ರ ನೋಡುತ್ತಾನೆ, ಕೊರತೆಯ ಭಯಕ್ಕೆ ಸ್ವಲ್ಪ ಹೆಚ್ಚು ಬರೆಯುತ್ತಾನೆ. ಕೊನೆಯ ಅಂಗಡಿಯ ಮಾರಾಟ ಸರಪಳಿಯ ಎಲ್ಲರಿಗೂ ಕಾಣುವಂತಾದರೆ ಈ ಹೊಡೆದಾಟ ತಗ್ಗುತ್ತದೆ. ಸರಪಳಿಯ ತಂತ್ರಾಂಶಗಳು ಮುಖ್ಯವಾಗಿ ಮಾಡಹೊರಟಿರುವುದು ಇದನ್ನೇ. 'ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್' ಎಂಬ ಮಾತನ್ನು 1982ರಲ್ಲಿ ಕೀತ್ ಆಲಿವರ್ ಎಂಬ ಸಲಹೆಗಾರ ಬಳಕೆಗೆ ತಂದ.

ನಮ್ಮ ದೇಶಕ್ಕೆ ಈ ತಂತ್ರಾಂಶಗಳು ಹೆಚ್ಚಾಗಿ ಬಂದದ್ದು 1991ರ ಆರ್ಥಿಕ ಸುಧಾರಣೆಗಳ ಅನಂತರ. ಆ ದಶಕದಲ್ಲಿಯೇ ಚೆನ್ನೈಯ ರಾಮ್ಕೋ ಕಂಪೆನಿ 'ಮಾರ್ಷಲ್' ಎಂಬ ಸ್ವದೇಶಿ ಇ.ಆರ್.ಪಿ.ಯನ್ನು ಹೊರತಂದಿತು. 1998ರಲ್ಲಿ ಸ್ಯಾಪ್ ಬೆಂಗಳೂರಿನಲ್ಲಿ ತನ್ನ ಪ್ರಯೋಗಾಲಯವನ್ನು ತೆರೆಯಿತು. ಜರ್ಮನಿಯ ಹೊರಗೆ ಅದರ ಅತಿ ದೊಡ್ಡ ಸಂಶೋಧನಾ ಕೇಂದ್ರ ಇಂದು ಅದೇ. ಆದರೆ ನಮ್ಮ ಬೀದಿಯ ಅಂಗಡಿಗಳನ್ನು ಮುಟ್ಟಿದ್ದು ಇವೆರಡೂ ಅಲ್ಲ, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಟ್ಯಾಲಿ. ಮಿಲ್ಲುಗಳಿಗೆ ಸಾಮಗ್ರಿ ಸರಬರಾಜು ಮಾಡುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ಪ್ರೋಗ್ರಾಮು ಸಿಗಲಿಲ್ಲ. ಆಗ ಮಗ ಭರತ್ ಗೋಯೆಂಕಾ ಅದನ್ನು ಬರೆದರು. 1986ರಲ್ಲಿ ಕಂಪೆನಿ ಆರಂಭವಾಯಿತು. ಪ್ರತಿ ಖಾತೆಗೂ ಅಂಕೆಯ ಸಂಕೇತ ಕೊಡದೆ ಹೆಸರಿನಲ್ಲಿಯೇ ಬರೆಯಬಹುದಾದುದು ಅದರ ಹೆಗ್ಗಳಿಕೆ. ಗಣಕಯಂತ್ರ ಅರಿಯದ ವರ್ತಕರೂ ಇದರಿಂದ ತಮ್ಮ ಖಾತೆಯನ್ನು ಗುರುತು ಹಿಡಿದರು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿತು.

ಕೊನೆಯದಾಗಿ ಕೇಂದ್ರ ಸರ್ಕಾರದ ಒಂದು ಇಲಾಖೆಯ ಮಾತು. 2013ರಲ್ಲಿ ಅಂಚೆ ಇಲಾಖೆ ತನ್ನ ಟಪಾಲು, ಲೆಕ್ಕಪತ್ರ, ಸಿಬ್ಬಂದಿ ಎಲ್ಲವನ್ನೂ ಸ್ಯಾಪ್ ಆಧಾರದ ಒಂದೇ ವ್ಯವಸ್ಥೆಗೆ ತರುವ ಕೆಲಸವನ್ನು ಟಿ.ಸಿ.ಎಸ್. ಕಂಪೆನಿಗೆ ವಹಿಸಿತು. ಮೊತ್ತ ಸುಮಾರು 1,100 ಕೋಟಿ ರೂಪಾಯಿ. ಅನಂತರ ಇಲಾಖೆಯ ಸ್ವಂತ ತಂತ್ರಜ್ಞರು ಹೊಸದೊಂದು ವ್ಯವಸ್ಥೆಯನ್ನು ರಚಿಸಿದರು. ಅದನ್ನು ರಚಿಸಿದ ಅಂಚೆ ತಂತ್ರಜ್ಞಾನ ಕೇಂದ್ರ ಇರುವುದು ಮೈಸೂರಿನಲ್ಲಿ. 2025ರ ಮೇ-ಜೂನ್‌ನಲ್ಲಿ ಮೊದಲು ಕರ್ನಾಟಕ ವೃತ್ತದಲ್ಲಿ ಪ್ರಯೋಗ ನಡೆಸಿ, ಆಗಸ್ಟ್ ವೇಳೆಗೆ ದೇಶದ 23 ವೃತ್ತಗಳಿಗೂ, ಒಂದೂವರೆ ಲಕ್ಷಕ್ಕೂ ಮೀರಿದ ಅಂಚೆ ಕಚೇರಿಗಳಿಗೂ ಅದನ್ನು ಹರಡಿದರು. ಬದಲಾವಣೆಗಾಗಿ ಕಚೇರಿಗಳು ವ್ಯವಹಾರ ನಿಲ್ಲಿಸಿದ ದಿನಗಳಲ್ಲಿ ಕೌಂಟರಿನಿಂದ ಹಿಂದಿರುಗಿದ ಜನ ಗೊಣಗಿದ್ದುಂಟು. ಆದರೂ ಒಂದು ವೃತ್ತದಲ್ಲಿ ಮೊದಲು ನಡೆಸಿ, ಅಲ್ಲಿ ಕಂಡ ತೊಡಕುಗಳನ್ನು ತಿದ್ದಿಕೊಂಡು ಮುಂದಕ್ಕೆ ಹೋದ ಕ್ರಮ ಹರ್ಷಿಯವರ ಜುಲೈ ತಿಂಗಳಿಗಿಂತ ಮೇಲೆಂದು ನಮಗೆ ತೋರುತ್ತದೆ. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಈಗ ಪಾರ್ಸೆಲಿನ ಲೆಕ್ಕವೂ ಮನಿಯಾರ್ಡರಿನ ಲೆಕ್ಕವೂ ಯಂತ್ರದಲ್ಲಿ ತಾನಾಗಿ ಏರುತ್ತವೆ. ಸಂಜೆ ಪೆಟ್ಟಿಗೆಯಲ್ಲಿರುವ ನಗದನ್ನು ಕೈಯಲ್ಲಿ ಎಣಿಸಿ, ಯಂತ್ರ ತೋರಿಸುವ ಬಾಕಿಯೊಂದಿಗೆ ತಾಳೆ ನೋಡುವವರು ಇಂದಿಗೂ ಪೋಸ್ಟ್‌ಮಾಸ್ಟರರೇ.